ಕೋದಂಡರಾಮಪ್ಪನ ನಾಲ್ಕು ದಿನದ ಗಾಂಭೀರ್ಯ

ಸುಗಟೂರಿನ ಕೋದಂಡರಾಮಪ್ಪನಿಗೆ ನಲವತ್ತಾರು ವರ್ಷ ತುಂಬುವವರೆಗೆ ತಾನು ಎಂಥ ಮನುಷ್ಯ ಎಂಬ ಯೋಚನೆ ಒಂದು ದಿನವೂ ಬಂದಿರಲಿಲ್ಲ. ಬಂದದ್ದು ಒಂದು ಸೋಮವಾರ, ಬೆಳಗಿನ ಮುದ್ದೆಯ ಮುಂದೆ ಕೂತಿದ್ದಾಗ. ಆ ಯೋಚನೆಯನ್ನು ತಂದು ಹಾಕಿದವನು ಹೆಂಡತಿಯ ತಮ್ಮ ಆಂಜಿನಪ್ಪ. ಮುಳಬಾಗಿಲಿನಿಂದ ಕೋಲಾರದವರೆಗೆ ಇದ್ದಿಲ ಬಸ್ಸಿನಲ್ಲಿ ಬಂದು (ಯುದ್ಧ ಶುರುವಾಗಿ ಪೆಟ್ರೋಲು ಸಿಕ್ಕದೆ ನಮ್ಮ ಕಡೆಯ ಬಸ್ಸುಗಳೆಲ್ಲ ಬೆನ್ನಿಗೆ ಒಲೆ ಕಟ್ಟಿಕೊಂಡು ಓಡಾಡುತ್ತಿದ್ದ ಕಾಲ ಅದು) ಅಲ್ಲಿಂದ ನಡೆದು ಊರು ಸೇರಿದ್ದ ಅವನ ಮುಖದಲ್ಲಿ ಕಣ್ಣು ಬಿಟ್ಟರೆ ಉಳಿದದ್ದೆಲ್ಲ ಮಸಿ. ಮುಖವನ್ನೂ ತೊಳೆಯದೆ ಕಂಬಕ್ಕೆ ಒರಗಿ ನಿಂತ.

"ಏನಾಯ್ತೋ, ಒಪ್ಪಿದ್ರಾ?" ಎಂದು ಅವನ ಅಕ್ಕ ವೆಂಕಟರತ್ನಮ್ಮ ಸೌಟು ಹಿಡಿದುಕೊಂಡೇ ಹೊರಗೆ ಬಂದಳು.

ವಿಷಯ ಅವರ ಒಬ್ಬಳೇ ಮಗಳು ಆದಿಲಕ್ಷ್ಮಿಯದು. ದೇವರಾಯಸಮುದ್ರದ ಪಟೇಲ ವೆಂಕಟರಮಣಪ್ಪನವರ ಮಗ ಕದಿರೇಶನಿಗೆ ಅವಳನ್ನು ಕೊಡುವ ಮಾತು ಎರಡು ತಿಂಗಳಿಂದ ನಡೆಯುತ್ತಿತ್ತು. ಕೆರೆಯ ಕೆಳಗೆ ಗದ್ದೆ, ಹುಡುಗನಿಗೆ ಓದು, ಮೇಲೆ ಪಟೇಲಿಕೆ. ಇಂಥ ಸಂಬಂಧ ಸುಗಟೂರಿಗೆ ದಾರಿ ಕೇಳಿಕೊಂಡು ಬರುವುದು ದಿನಾ ಆಗುವ ಸಂಗತಿಯಲ್ಲ.

"ಜಾತಕ ಕೂಡ್ತು. ಹೊಲ, ತೋಟ ಎಲ್ಲಾ ವಿಚಾರಿಸ್ಕೊಂಡವ್ರೆ, ತೃಪ್ತಿ. ಆದ್ರೆ ಒಂದು ಮಾತು ಅವರ ಕಿವಿಗೆ ಬಿದ್ದೈತೆ ಅಕ್ಕ," ಎಂದು ಆಂಜಿನಪ್ಪ ಬಾವನ ಕಡೆ ನೋಡಿ, ಮತ್ತೆ ನೆಲ ನೋಡಿದ. "ಹುಡುಗಿ ತಂದೆ ಸ್ವಲ್ಪ ಹಗುರ ಅಂತ."

ಕೋದಂಡರಾಮಪ್ಪ ಮುರಿದ ತುತ್ತನ್ನು ತಟ್ಟೆಗೇ ಹಾಕಿದ.

ಹಗುರ. ನಮ್ಮ ಕಡೆ ಹೆಣ್ಣು ಗಂಡಿನ ವಿಚಾರ ನಡೆಯುವಾಗ ಈ ಮಾತು ಮಾಡುವ ಅನಾಹುತ ಹೊರಗಿನವರಿಗೆ ಗೊತ್ತಾಗುವುದಿಲ್ಲ. ಬೀಗ ಕುಡಿಯುತ್ತಾನೆ ಎಂದರೆ, ಯಾರು ಕುಡಿಯೋದಿಲ್ಲ ಬಿಡಿ ಎನ್ನುತ್ತಾರೆ. ಮುಂಗೋಪಿ ಎಂದರೆ ಗಂಡಸು ಎನ್ನುತ್ತಾರೆ. ಜಗಳಗಂಟ ಎಂದರೆ, ನಾಲ್ಕು ಜನ ಹೆದರುತ್ತಾರಲ್ಲ ಎಂದು ಸಮಾಧಾನ ಮಾಡಿಕೊಳ್ಳುತ್ತಾರೆ. ಹಗುರ ಎಂದರೆ ಮಾತ್ರ ಮುಗಿಯಿತು. ಅವನ ಮಾತನ್ನು ಪಂಚಾಯಿತಿಯಲ್ಲಿ ಯಾರೂ ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲ, ಅವನು ಬಂದರೆ ಊರಿನ ಹುಡುಗರು ಎದ್ದು ನಿಲ್ಲುವುದಿಲ್ಲ, ಅವನ ಮಗಳು ನಾಳೆ ಅತ್ತೆ ಮಾವನ ಎದುರಿಗೇ ಕಿಸಕ್ಕನೆ ನಕ್ಕರೂ ನಕ್ಕಾಳು. ಇಷ್ಟೂ ಆ ಮೂರಕ್ಷರದೊಳಗೆ ಬಂದುಬಿಡುತ್ತದೆ, ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

"ಯಾರು ಹೇಳಿದ್ದಂತೆ?" ಎಂದ ಕೋದಂಡರಾಮಪ್ಪ.

"ಅದು ಬಿಟ್ಟುಕೊಡ್ಲಿಲ್ಲ. ಪಟೇಲ್ರು ಮಾತಾಡೋರಲ್ಲ, ನಿಂಗೊತ್ತಲ್ಲ ಬಾವ. ಆ ಮನೇಲಿ ಮೂರು ತಲೆಮಾರಿಂದ ಗಂಡಸ್ರು ಯಾರೂ ಬಾಯಿಬಿಟ್ಟು ನಕ್ಕಿಲ್ಲ, ಒಂದು ಹಾಡು ಗುನುಗಿಲ್ಲ. ಅವರ ತಾಯಿ ದೊಡ್ಡಗಂಗಮ್ಮ ಹೇಳಿದ್ದಿಷ್ಟೇ. ಶುಕ್ರವಾರ ಬರ್ತೀವಿ, ಮನುಷ್ಯನ್ನ ನಾವೇ ಕಣ್ಣಲ್ಲಿ ನೋಡಿ ತೀರ್ಮಾನ ಮಾಡ್ತೀವಿ ಅಂತ."

"ನಾನು ಯಾವ ಸೀಮೆ ಹಗುರ? ನೀನೇ ಹೇಳೇ."

ವೆಂಕಟರತ್ನಮ್ಮ ಸೌಟನ್ನು ಪಾತ್ರೆಯೊಳಗೆ ಇಟ್ಟು ಬಂದಳು. ಎರಡು ಕೈಯೂ ಬೇಕಾಗಿತ್ತು ಅವಳಿಗೆ.

"ಜಮಾಬಂದಿಗೆ ಬಂದ ಅಮಲ್ದಾರರು ಮನೇಲಿ ದನ ಎಷ್ಟು ಅಂದ್ರೆ, ನನ್ನ ಲೆಕ್ಕಕ್ಕೆ ನಾಲ್ಕು ಸ್ವಾಮಿ, ನನ್ನ ಹೆಂಡ್ತಿ ಲೆಕ್ಕಕ್ಕೆ ಐದು ಅಂದೋರು ಯಾರು?"

"ಅಮಲ್ದಾರರು ನಕ್ಕರಲ್ಲೇ."

"ಅವ್ರು ನಕ್ಕರು. ಶಾನುಭೋಗ್ರು ಐದು ಅಂತ ಬರ್ಕೊಂಡ್ರು. ನಮ್ಮ ದೊಡ್ಡಪ್ಪನ ತಿಥಿ ಊಟದಲ್ಲಿ, ವಡೆ ಇನ್ನೊಂದು ಬೇಕಾದ್ರೆ ಇನ್ಯಾರಾದ್ರೂ ಸಾಯ್ಬೇಕಾ ಅಂತ ಕೇಳಿದ್ದು ಯಾರು? ಪಕ್ಕದ ತೋಟದ ಮುನಿರಾಮಪ್ಪನ ಮೀಸೆ ಮೇಲೆ ಹಾಡು ಕಟ್ಟಿದ್ದು ಯಾರು?"

"ಓಹೋ," ಎಂದ ಕೋದಂಡರಾಮಪ್ಪ. "ಹಂಗಾದ್ರೆ ಹೇಳಿದ್ದು ಮುನಿರಾಮಪ್ಪನೇ."

ಅವತ್ತಿನಿಂದ ಮುನಿರಾಮಪ್ಪನ ಜೊತೆ ಮಾತು ಬಿಟ್ಟ. ಪಾಪ, ಆ ಮನುಷ್ಯ ಮೂರು ದಿನ ಬದುವಿನ ಮೇಲೆ ನಿಂತು, "ಯಾಕೋ ಕೋದಂಡ, ಮೈ ಸರಿ ಇಲ್ವಾ?" ಎಂದು ಕೇಳಿ ಕೇಳಿ ಸುಸ್ತಾದ.

ಮಧ್ಯಾಹ್ನ ಕೋದಂಡರಾಮಪ್ಪನಿಗೆ ಇನ್ನೊಂದು ಆಸೆ ಹುಟ್ಟಿತು. ಈ ಮಾತಿಗೆ ಬೇರೇನಾದರೂ ಒಳ್ಳೆಯ ಅರ್ಥ ಇದ್ದರೂ ಇರಬಹುದಲ್ಲ. ನೆಟ್ಟಗೆ ಶಾಲೆಗೆ ಹೋಗಿ ಮೇಷ್ಟ್ರನ್ನು ಹೊರಗೆ ಕರೆದು ಕೇಳಿದ. ಮೇಷ್ಟ್ರು ಮೂಗಿನ ಮೇಲಿನ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು, "ಗಾಂಭೀರ್ಯಹೀನ, ಘನತೆಯಿಲ್ಲದವನು, ತನ್ನ ಸ್ಥಾನಮಾನ ಅರಿಯದೆ ನಡೆದುಕೊಳ್ಳುವವನು," ಎಂದರು. ತಮಾಷೆ ಹೇಳುವ ಮೊದಲೇ ತಾನು ನಗುವವನಿಗೂ ಸಲ್ಲುತ್ತದೆ ಎಂದು ಸೇರಿಸಿದರು. ಎಂಥ ಕಡೆ ಈ ಶಬ್ದ ಬಳಸಬಹುದು, ಒಂದು ವಾಕ್ಯ ಮಾಡಿ ತೋರಿಸಿ ಎಂದು ಕೋದಂಡರಾಮಪ್ಪ ಬೇಡಿಕೊಂಡಾಗ, ಮೇಷ್ಟ್ರು ಕಣ್ಣು ಮುಚ್ಚಿ ಒಂದು ಕ್ಷಣ ಯೋಚಿಸಿ, "ಸುಗಟೂರಿನ ಕೋದಂಡರಾಮಪ್ಪನವರು ಒಳ್ಳೆಯವರು, ಆದರೆ ಹಗುರ," ಎಂದರು. ಕಿಟಕಿಯಲ್ಲಿ ಇಣುಕುತ್ತಿದ್ದ ಮೂರನೆಯ ತರಗತಿ ಅದನ್ನು ಒಕ್ಕೊರಲಿನಿಂದ ಒಪ್ಪಿಸಿತು.

ಅಲ್ಲಿಂದ ಬಂದವನು ಜಗಲಿಯ ಮೇಲೆ ಕೂತು ಯೋಚಿಸಿದ. ಹಾಸ್ಯದ ಮಾತಲ್ಲ ಇದು. ತನ್ನ ನಾಲಗೆಯಿಂದ ಮಗಳ ಬಾಳು ಕೆಟ್ಟರೆ? ದೇವರಾಯಸಮುದ್ರದವರು ಬೇಡ ಎಂದ ಹುಡುಗಿ ಎಂದು ಕೋಲಾರದಿಂದ ಶ್ರೀನಿವಾಸಪುರದವರೆಗೆ ಸುದ್ದಿಯಾದರೆ, ಇನ್ಯಾರು ಬರುತ್ತಾರೆ? ಹುಡುಗಿಯಲ್ಲಿ ಏನು ಕೊರತೆ ಎಂದು ಜನ ಕೇಳುತ್ತಾರೆ. ಅಪ್ಪನಲ್ಲಿದೆ ಎಂದು ಯಾರು ಹೇಳುತ್ತಾರೆ? ಆ ರಾತ್ರಿ ಅವನಿಗೆ ಊಟ ಸೇರಲಿಲ್ಲ. ಹುಟ್ಟಿದಾಗಿನಿಂದ ಇದೇ ಮೊದಲು.

ಮಂಗಳವಾರದಿಂದ ಗಾಂಭೀರ್ಯದ ಪಾಠ ಶುರುವಾಯಿತು. ಗುರು ವೆಂಕಟರತ್ನಮ್ಮ. ನಿಯಮಗಳು ಬಹಳ ಇರಲಿಲ್ಲ. ಹತ್ತು ಮಾತು ಬರುವ ಕಡೆ ಒಂದು ಹ್ಞೂಂ. ಹಲ್ಲು ಕಾಣಕೂಡದು. ಕೇಳಿದ್ದಕ್ಕಷ್ಟೇ ಉತ್ತರ.

"ನಾನು ಪಟೇಲ್ರು ಅಂದ್ಕೊಳಿ," ಎಂದು ಅವಳು ಚಾಪೆಯ ಮೇಲೆ ಕಾಲು ಮಡಿಸಿ ಕೂತು, ಗಂಟಲು ದಪ್ಪ ಮಾಡಿದಳು. "ಏನು ಯಜಮಾನ್ರೇ, ಈ ಸಾರಿ ಮಳೆ ಬೆಳೆ ಹೆಂಗೆ?"

ಕೋದಂಡರಾಮಪ್ಪ ಬಿಗಿಯಾಗಿ ಕೂತು ಅವಳನ್ನೇ ದಿಟ್ಟಿಸಿದ. "ಪಟೇಲ್ರು ಮೂಗುಬೊಟ್ಟು ಹಾಕ್ಕೊಂಡವ್ರಲ್ಲೇ," ಎಂದ.

"ಅಪ್ಪಾ," ಎಂದಳು ಒಳಗಿನಿಂದ ಆದಿಲಕ್ಷ್ಮಿ. ಅಷ್ಟೇ ಅಂದದ್ದು. ಅವಳು ಯಾವಾಗಲೂ ಮಾತು ಕಡಿಮೆ. ಹಾಲುಹಲ್ಲು ಬಿದ್ದಾಗ ಅಪ್ಪ ಒಂದು ಹಾಡು ಕಟ್ಟಿದ್ದ, ಮೊದಲ ಸಲ ಸೀರೆ ಉಟ್ಟು ಎಡವಿದಾಗ ಇನ್ನೊಂದು, ಮೂಗಿನ ಮೇಲೆ ಮೊಡವೆ ಎದ್ದಾಗ ಆರು ಸಾಲಿನದು ಮತ್ತೊಂದು. ತೋಟದ ಕಡೆಯಿಂದ ಅವು ಕೇಳಿಬಂದಾಗಲೆಲ್ಲ ಅವಳು ಎದ್ದು ಹೋಗಿ ಹಿತ್ತಲಲ್ಲಿ ಪಾತ್ರೆ ಉಜ್ಜುತ್ತಿದ್ದಳು. ಅವರ ಮನೆಯ ಪಾತ್ರೆಗಳ ಹೊಳಪು ಊರಿಗೇ ಪ್ರಸಿದ್ಧ.

ತೋಟದ ಹಾಡಿನ ವಿಷಯ ಸ್ವಲ್ಪ ಹೇಳಬೇಕು. ಅವನದು ಕಪಿಲೆ ಬಾವಿ. ಬಾವಿಯ ಬಾಯಿಯಿಂದ ಹೊರಟ ಇಳಿಜಾರಿನಲ್ಲಿ ಎತ್ತುಗಳು ಕೆಳಕ್ಕೆ ನಡೆದರೆ ಹಗ್ಗ ಎಳೆದು, ನೀರು ತುಂಬಿದ ಚರ್ಮದ ಚೀಲ ಮೇಲೆ ಬಂದು ತೊಟ್ಟಿಗೆ ಸುರಿಯುತ್ತದೆ. ಹೊಡೆಯುವವನು ಇಳಿಯುವಾಗ ಹಗ್ಗದ ಮೇಲೆ ಕೂತು ಜೋಲಿ ಹೊಡೆಯುತ್ತ ಹಾಡುತ್ತಾನೆ. ಎಲ್ಲ ಕಪಿಲೆಯವರೂ ಹಾಡುವವರೇ. ಆದರೆ ಅವರು ಹಾಡುವುದು ರಾಮನದು, ಭೀಮನದು. ಕೋದಂಡರಾಮಪ್ಪ ಹಾಡುತ್ತಿದ್ದದ್ದು ಊರಿನವರದು. ಅವನ ಎತ್ತುಗಳಾದ ರಾಜನಿಗೂ ಕೆಂಪನಿಗೂ ಹತ್ತು ವರ್ಷದಿಂದ ಅದೇ ಅಭ್ಯಾಸ.

ಹಾಡು ನಿಲ್ಲಿಸಬೇಕು ಎಂದು ಹೆಂಡತಿ ಆಣೆ ಹಾಕಿಸಿಕೊಂಡಳು. ಗಟ್ಟಿಯಾಗಿ ಹಾಡುವುದನ್ನು ನಿಲ್ಲಿಸಿದ. ಆದರೆ ಬದನೆ ಸಸಿಗೆ ನೀರು ಬೇಕಲ್ಲ. ಎತ್ತಿನ ಬಾಲದ ಹತ್ತಿರ ಬಗ್ಗಿ, ಯಾರಿಗೂ ಕೇಳದ ಹಾಗೆ, ಆ ನಾಲ್ಕು ದಿನವೂ ಒಂದು ಹೊಸ ಹಾಡು ಗೊಣಗಿದ. ಅವನಿಗೆ ಹೆದರಿಕೆ ಹೆಚ್ಚಿದಷ್ಟೂ ಹಾಡಿಗೆ ಸಾಲು ಹೆಚ್ಚುತ್ತಿತ್ತು. ಹೆದರಿಕೆ ಯಾರ ಬಗ್ಗೆಯೋ, ಹಾಡೂ ಅವರ ಮೇಲೆಯೇ.

ಶುಕ್ರವಾರ ಹತ್ತು ಗಂಟೆಗೆ ಕೋಲಾರದಿಂದ ಗಾಡಿ ಬಂತು. ಪಟೇಲರು ಇಳಿದರು. ಆರಡಿ ಆಳು, ಜರಿ ಪೇಟ, ಮುಚ್ಚಿದ ಬಾಯಿ. ಹಿಂದೆ ಮಗ ಕದಿರೇಶ, ಅಪ್ಪನ ಹಾಗೆಯೇ ಬಾಯಿ ಮುಚ್ಚಿದವನು. ಕೊನೆಗೆ ತಲೆಯ ಮೇಲೆ ಸೆರಗು ಹೊದ್ದ ದೊಡ್ಡಗಂಗಮ್ಮ. ಬಾಗಿಲಲ್ಲಿ ಕಾಲಿಗೆ ನೀರು ಕೊಡಲು ಬಂದ ವೆಂಕಟರತ್ನಮ್ಮ ಆ ಮುದುಕಿಯ ಮುಖ ನೋಡಿದ್ದೇ ಚೊಂಬನ್ನು ತಮ್ಮನ ಕೈಗೆ ತುರುಕಿ ಅಡಿಗೆಮನೆ ಸೇರಿದವಳು ಅವರು ಮನೆಯೊಳಗಿರುವಷ್ಟು ಹೊತ್ತೂ ಹೊರಗೆ ಬರಲಿಲ್ಲ. ಎಂಥ ಗಾಂಭೀರ್ಯ ಇವಳದು ಎಂದು ಕೋದಂಡರಾಮಪ್ಪ ಮನಸ್ಸಿನಲ್ಲೇ ಮೆಚ್ಚಿಕೊಂಡ.

ಅವನೂ ಕಡಿಮೆಯೇನಿರಲಿಲ್ಲ. ಆಂಜಿನಪ್ಪ ಎರವಲು ತಂದಿದ್ದ ಕರಿ ಕೋಟು ಕಂಕುಳಲ್ಲಿ ಬಿಗಿಯುತ್ತಿತ್ತು, ಪೇಟ ಕಿವಿಯವರೆಗೂ ಇಳಿದಿತ್ತು.

"ಪ್ರಯಾಣ ಸುಖವಾಯ್ತಾ?" ಎಂದ, ಕಲಿಸಿದ ಹಾಗೆ.

"ಹ್ಞೂಂ," ಎಂದರು ಪಟೇಲರು.

"ಹ್ಞೂಂ," ಎಂದ ಕೋದಂಡರಾಮಪ್ಪ.

ಅದಾದ ಮೇಲೆ ಅರ್ಧ ಗಂಟೆ ಯಾರೂ ಮಾತಾಡಲಿಲ್ಲ. ಆದಿಲಕ್ಷ್ಮಿ ಬೆಲ್ಲದ ಕಾಫಿ ತಂದಿಟ್ಟಳು (ಸಕ್ಕರೆಗೆ ಚೀಟಿ ಬೇಕಾಗಿದ್ದ ಕಾಲ), ನಮಸ್ಕಾರ ಮಾಡಿದಳು, ಹೆಸರು ಹೇಳಿದಳು, ಒಳಗೆ ಹೋದಳು. ಕದಿರೇಶ ಕಾಫಿ ಚೆಲ್ಲಿಕೊಂಡ. ಅದರ ಬಗ್ಗೆ ಕೋದಂಡರಾಮಪ್ಪನ ನಾಲಗೆಯ ತುದಿಗೆ ನಾಲ್ಕು ಒಳ್ಳೊಳ್ಳೆ ಮಾತು ಬಂದು ನಿಂತವು. ನಾಲ್ಕನ್ನೂ ನುಂಗಿದ. ದೊಡ್ಡಗಂಗಮ್ಮ ಮಾತ್ರ ಅವನನ್ನೇ ನೋಡುತ್ತಿದ್ದಳು. ನೋಡುತ್ತಾ ನೋಡುತ್ತಾ ಅವಳ ಮುಖ ಸಣ್ಣಗಾಗುತ್ತಿತ್ತು. ಮೊಮ್ಮಗನ ಕಿವಿಯಲ್ಲಿ ಏನೋ ಹೇಳಿದಳು. ಅವನು ತಲೆ ತಗ್ಗಿಸಿದ. ಎಲ್ಲೋ ಏನೋ ಹಗುರವಾಗಿ ಮಾಡಿಬಿಟ್ಟೆ ಎಂದು ಕೋದಂಡರಾಮಪ್ಪ ಇನ್ನೂ ಬಿಗಿದುಕೊಂಡು ಕೂತ.

"ಬಾವಿ ನೋಡೋಣ," ಎಂದರು ಪಟೇಲರು.

ನಮ್ಮ ಕಡೆ ಹೆಣ್ಣು ನೋಡಲು ಬಂದವರು ಹೆಣ್ಣನ್ನು ಹತ್ತು ನಿಮಿಷ, ಬಾವಿಯನ್ನು ಒಂದು ಗಂಟೆ ನೋಡುತ್ತಾರೆ. ನೀರೆಷ್ಟಿದೆ, ಎತ್ತು ಎಂಥವು, ಎಲ್ಲ ಕಪಿಲೆ ಹೊಡೆಸಿ ತಿಳಿದುಕೊಳ್ಳುತ್ತಾರೆ. ಯಾಕೆಂದರೆ ಪಕ್ಕದ ಊರಿನಿಂದ ಜೋಡಿ ಎತ್ತು ತಂದು, ತಮ್ಮವೇ ಎಂದು ಕಟ್ಟಿ ತೋರಿಸಿ, ಮದುವೆಯಾದ ಮಾರನೆಯ ದಿನ ವಾಪಸು ಹೊಡೆದುಕೊಂಡು ಹೋದ ಮನೆಗಳು ಸುತ್ತಲ ನಾಲ್ಕೂ ತಾಲ್ಲೂಕಿನಲ್ಲಿವೆ.

ಕೋಟು ಪೇಟದ ಯಜಮಾನ ಕಪಿಲೆ ಹೊಡೆಯುವುದುಂಟೇ? ಮೊದಲೇ ಗೊತ್ತು ಮಾಡಿದ್ದಂತೆ ಆಂಜಿನಪ್ಪ ನೊಗ ಹೂಡಿದ. ಚೀಲ ಬಾವಿಗಿಳಿದು ಗುಳುಗುಳು ತುಂಬಿತು. "ಹೋ, ನಡಿ," ಎಂದ. ಎತ್ತುಗಳು ನಿಂತೇ ಇದ್ದವು. ಬಾಲ ತಿರುವಿದ. ಬಾರುಕೋಲು ತೋರಿಸಿದ. ಕೆಂಪ ಮೆಲುಕು ಹಾಕತೊಡಗಿತು. ರಾಜ ಕತ್ತು ತಿರುಗಿಸಿ ಕೋದಂಡರಾಮಪ್ಪನ ಕಡೆ ನೋಡಿತು.

"ಎತ್ತು ಯಾರವು?" ಎಂದರು ಪಟೇಲರು.

"ನಮ್ಮವೇ," ಎಂದ ಕೋದಂಡರಾಮಪ್ಪ.

"ಹ್ಞೂಂ." ಇದು ಬೇರೆ ಹ್ಞೂಂ. ಇದನ್ನು ಕೇಳಿದ ಆಂಜಿನಪ್ಪನ ಕೈಯಿಂದ ಬಾರುಕೋಲು ಬಿತ್ತು.

ಕೋದಂಡರಾಮಪ್ಪ ತಾನೇ ಎತ್ತುಗಳ ಹತ್ತಿರ ಹೋದ. ಆದರೆ ಘನತೆ ಬಿಡುವ ಹಾಗಿಲ್ಲವಲ್ಲ. ಎದೆಯೆತ್ತಿ ನಿಂತು, ಮೇಷ್ಟ್ರ ಧಾಟಿಯಲ್ಲಿ, "ರಾಜ, ಮುಂದಕ್ಕೆ ನಡೆಯುವಂಥವನಾಗು. ದೊಡ್ಡವರು ಕಾದಿದ್ದಾರೆ," ಎಂದ. ಆ ದನಿ ಯಾರದೆಂದು ಎತ್ತುಗಳಿಗೆ ಗೊತ್ತಾಗಲಿಲ್ಲ. ಕೆಂಪ ಒಂದು ಹೆಜ್ಜೆ ಹಿಂದಕ್ಕೆ ಸರಿಯಿತು.

ಪಟೇಲರು ಹೆಗಲ ಮೇಲಿನ ಅಂಗವಸ್ತ್ರ ಸರಿಮಾಡಿಕೊಂಡು, "ಹೊತ್ತಾಯ್ತು," ಎಂದು ಗಾಡಿಯ ಕಡೆ ತಿರುಗಿದರು.

ಬೇಲಿಯ ಹತ್ತಿರ ಹೆಂಡತಿ ಮಗಳು ನಿಂತಿದ್ದರು. ಆದಿಲಕ್ಷ್ಮಿ ಎರಡು ಕೈಯಲ್ಲೂ ಬೇಲಿಯ ಗೂಟ ಹಿಡಿದುಕೊಂಡಿದ್ದಳು. ಕೋದಂಡರಾಮಪ್ಪ ಅವಳ ಮುಖ ನೋಡಿದ. ಹಗುರ ಎನ್ನಲಿ, ಏನಾದರೂ ಎನ್ನಲಿ, ನನ್ನ ಮಗಳ ಅಪ್ಪ ಎರವಲು ಎತ್ತು ಕಟ್ಟಿದ ಕಳ್ಳ ಎನ್ನಬಾರದು. ಪೇಟ ಕಿತ್ತು ಹತ್ತಿರ ನಿಂತವರ ಕೈಗೆ ಕೊಟ್ಟ (ಅವರು ಪಟೇಲರು ಎಂಬುದನ್ನು ಅವನು ಗಮನಿಸಲಿಲ್ಲ), ಕೋಟಿನ ಸಮೇತ ಹಗ್ಗದ ಮೇಲೆ ಹಾರಿ ಕೂತ, ಬಾಯಿ ತೆರೆದ. ರಾಮನದು ಹಾಡಬೇಕೆಂದೇ ತೆರೆದದ್ದು. ನಾಲ್ಕು ದಿನದಿಂದ ಬಾಯಲ್ಲಿದ್ದ ಹಾಡು ಅದಲ್ಲವಲ್ಲ.

"ಗಂಟು ಮೋರೆ ಬೀಗ್ರು ಬಂದ್ರು ರಾಜಣ್ಣಾ,
ಗಾಡೀ ತುಂಬ ಬಿಗುಮಾನ ತಂದ್ರು ರಾಜಣ್ಣಾ,
ನಕ್ರೆ ಹಲ್ಲು ಉದ್ರುತ್ತಂತೆ ಕೆಂಪಣ್ಣಾ,
ಅದಕೆ ಬಾಯಿ ಹೊಲಿಸ್ಕಂಡವ್ರಂತೆ ಕೆಂಪಣ್ಣಾ."

ಎತ್ತುಗಳು ಕಿವಿ ನಿಮಿರಿಸಿ ಇಳಿಜಾರಿನಲ್ಲಿ ಹೊರಟವು. ಏನು ಹಾಡುತ್ತಿದ್ದೇನೆ ಎಂಬುದು ಅವನಿಗೆ ಅರ್ಥವಾಗುವಷ್ಟರಲ್ಲಿ ಚೀಲ ಬಾವಿಯ ಅರ್ಧಕ್ಕೆ ಬಂದಿತ್ತು. ಈಗ ನಿಲ್ಲಿಸುವ ಹಾಗೂ ಇಲ್ಲ. ಹಾಡು ನಿಂತರೆ ಎತ್ತು ನಿಲ್ಲುತ್ತದೆ. ಅರ್ಧದಲ್ಲಿ ಎತ್ತು ನಿಂತರೆ ತುಂಬಿದ ಚೀಲ ಎತ್ತನ್ನೂ ಅವನನ್ನೂ ಹಿಂದಕ್ಕೆ ಎಳೆದು ಬಾವಿಗೆ ಹಾಕುತ್ತದೆ. ಕಣ್ಣಲ್ಲಿ ನೀರು ತುಂಬಿಕೊಂಡು ಕೋದಂಡರಾಮಪ್ಪ ಮುಂದಿನ ಸಾಲುಗಳನ್ನೂ ಹಾಡಿದ. ಅದರಲ್ಲಿ ಪಟೇಲರ ಪೇಟ ಬಂತು, ಮೀಸೆ ಬಂತು, ಅವರು ಸೀನಬೇಕಾದರೂ ಪಂಚಾಂಗ ನೋಡುತ್ತಾರೆ ಎಂಬುದು ಬಂತು. ಕೊನೆಯ ಸಾಲಿಗೆ ಸರಿಯಾಗಿ ನೀರು ಧೋ ಎಂದು ತೊಟ್ಟಿಗೆ ಸುರಿಯಿತು.

ಕೋದಂಡರಾಮಪ್ಪ ಹಗ್ಗದ ಮೇಲೆಯೇ ಕೂತಿದ್ದ. ಇಳಿದು ಬಂದು ಪಟೇಲರ ಮುಖ ನೋಡುವ ಧೈರ್ಯ ಅವನಿಗಿರಲಿಲ್ಲ.

ಮೊದಲು ನಕ್ಕವಳು ದೊಡ್ಡಗಂಗಮ್ಮ. ನಿಂತು ನಗಲಾಗದೆ ಬದುವಿನ ಮೇಲೆ ಕೂತಳು. ಕೂತು ನಗಲೂ ಆಗದೆ ಮೊಮ್ಮಗನ ಪಂಚೆ ಹಿಡಿದುಕೊಂಡಳು.

"ಬಾಪ್ಪ ಇಲ್ಲಿ," ಎಂದು ಕಣ್ಣೊರೆಸಿಕೊಂಡು ಕರೆದಳು. "ಆಗಿಂದ ಇದೆಲ್ಲಿಟ್ಟಿದ್ದೆ? ಒಳಗೆ ನೀನು ಕೂತಿದ್ದು ನೋಡಿ, ಬೇರೆ ಯಾರದೋ ಮನೆಗೆ ಬಂದ್ಬಿಟ್ವಿ ಕಣೋ ಅಂತ ಇವನ ಕಿವೀಲಿ ಹೇಳ್ದೆ. ನಮ್ಮ ಮನೇಲಿರೋ ಕಂಬಗಳು ಸಾಲ್ದೂ ಅಂತ ಇನ್ನೊಂದು ಕಂಬದ ಜೊತೆ ಬೀಗತನ ಮಾಡ್ಲಾ ನಾನು? ಹುಡುಗಿ ತಂದೆ ಹಗುರ ಅಂತ ಕೇಳಿದ್ಮೇಲೇ ನಾನು ಹಟ ಹಿಡಿದು ಬಂದಿದ್ದು."

"ಯಾರಮ್ಮ ಹೇಳಿದ್ದು?" ಎಂದ ಕೋದಂಡರಾಮಪ್ಪ. "ಮುನಿರಾಮಪ್ಪ ತಾನೇ?"

"ಅವನ್ಯಾರೋ ನಂಗೊತ್ತಿಲ್ಲ. ಹೇಳಿದ್ದು ನಿನ್ನ ಹೆಂಡ್ತಿ."

ಬೇಲಿಯ ಹತ್ತಿರ ವೆಂಕಟರತ್ನಮ್ಮ ಸೆರಗಿನಿಂದ ಮುಖ ಮುಚ್ಚಿಕೊಂಡಳು.

"ಕೋಲಾರದ ಸಂತೇಲಿ, ಬಳೆಯವಳ ಮುಂದೆ, ಪಕ್ಕದಲ್ಲೇ ಕೂತಿದ್ಲು. ಸುಗಟೂರು, ಕೋದಂಡರಾಮಪ್ಪನ ಮನೆ ಅಂದ್ಲು. ನಾನ್ಯಾರು ಅಂತ ಹೇಳ್ಲಿಲ್ಲ, ಗಂಡ ಹೆಂಗಮ್ಮ ಅಂತ ಕೇಳ್ದೆ. ಗುರುತಿಲ್ಲದೋಳ ಹತ್ರ ಹೆಂಗಸ್ರು ಬಾಯಿಬಿಟ್ರೆ ಏನೇನು ಬರುತ್ತೆ ನಂಗೊತ್ತಿಲ್ವಾ? ಕುಡೀತಾನೆ ಅಂತಾರೆ, ಹೊಡೀತಾನೆ ಅಂತಾರೆ. ಈ ಮಹಾತಾಯಿ ಒಂದು ಡಜನ್ ಬಳೆ ಇಟ್ಕೊಳ್ಳೋವರ್ಗೂ ಯೋಚ್ನೆ ಮಾಡಿ, ಸ್ವಲ್ಪ ಹಗುರ ಅಂದ್ಲು. ಅದೂ ಸ್ವಲ್ಪ. ಇನ್ನೇನಪ್ಪ ವಿಚಾರಿಸ್ಬೇಕು? ನಗೋ ಮನೆ ಹುಡುಗಿ ಬಂದ್ರೆ ನಂಗೂ ಮಾತಿಗೆ ಒಬ್ಬಳಾಗ್ತಾಳೆ."

ಎಲ್ಲರೂ ಪಟೇಲರ ಕಡೆ ನೋಡಿದರು. ಅವರು ಕೋದಂಡರಾಮಪ್ಪನ ಪೇಟವನ್ನು ಎರಡು ಕೈಯಲ್ಲೂ ಹಿಡಿದುಕೊಂಡು ಇನ್ನೂ ನಿಂತಿದ್ದರು.

"ಎತ್ತು ಇವರವೇ," ಎಂದರು.

ಅದೇ ಒಪ್ಪಿಗೆ. ಮಧ್ಯಾಹ್ನದ ಹೊತ್ತಿಗೆ ಎಲೆ ಅಡಿಕೆ ಬದಲಾಯಿತು, ಮಾಘದಲ್ಲಿ ಲಗ್ನವೆಂದಾಯಿತು, ಬೀಗರು ಉಂಡು ಹೊರಟರು.

ಅವರ ಗಾಡಿ ಮರೆಯಾದದ್ದೇ ಕೋದಂಡರಾಮಪ್ಪ ಕೋಟು ಕಿತ್ತೆಸೆದು ಹಜಾರದ ತುಂಬ ಓಡಾಡತೊಡಗಿದ. ನಾಲ್ಕು ದಿನ ಕಟ್ಟಿಟ್ಟಿದ್ದ ಮಾತೆಲ್ಲ ಒಟ್ಟಿಗೆ ಹೊರಬಂತು. ಬಾಮೈದನಿಗೆ ಹೇಳಿದ, ಬದುವಿಗೆ ಹೋಗಿ ಮುನಿರಾಮಪ್ಪನಿಗೆ ಹೇಳಿದ, ಒಳಗೆ ಬಂದು ಹೆಂಡತಿಗೆ ಮೂರನೆಯ ಸಲ ಹೇಳಿದ. ಹಗುರ ಎನ್ನುವುದು ಎಲ್ಲರಿಗೂ ಬರುವ ಗುಣವಲ್ಲ. ಗಾಂಭೀರ್ಯದಿಂದ ಕೈತಪ್ಪುತ್ತಿದ್ದ ಸಂಬಂಧವನ್ನು ಹಿಡಿದು ತಂದದ್ದು ಅದೇ. ವೆಂಕಟರತ್ನಮ್ಮನಿಗೆ ಅವತ್ತು ಎದುರು ಮಾತಾಡುವ ಹಕ್ಕಿರಲಿಲ್ಲ; ಸುಮ್ಮನೆ ಅಕ್ಕಿ ಆರಿಸುತ್ತಿದ್ದಳು.

ಆಗ ಅವನಿಗೆ ಒಂದು ವಿಷಯ ಹೊಳೆಯಿತು. ಇಷ್ಟೆಲ್ಲ ಆದರೂ ಮಗಳನ್ನು ಒಂದು ಮಾತು ಕೇಳಿಯೇ ಇರಲಿಲ್ಲ. ಹಿತ್ತಲಿಗೆ ಹೋದ. ಆದಿಲಕ್ಷ್ಮಿ ಕಾಫಿ ಲೋಟ ಉಜ್ಜುತ್ತಿದ್ದಳು. ಅವಳ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತ.

"ನಿಂಗೆ ಒಪ್ಪಿಗೆ ತಾನೇ ಮಗಳೇ? ಹೆದರ್ಕೋಬೇಡ. ಆ ಮನೆ ಸ್ವಲ್ಪ ಬಿಗಿ, ಗೊತ್ತು. ಗಂಡಸ್ರು ತುಟಿ ಬಿಚ್ಚಲ್ಲ. ಬೇಜಾರಾದ್ರೆ ಹೇಳು, ವಾರಕ್ಕೊಂದ್ಸಲ ನಾನೇ ಬಂದು..."

"ನಾನು ಸೋಮವಾರವೇ ಒಪ್ಪಿದ್ದೆ ಅಪ್ಪ," ಎಂದಳು ಆದಿಲಕ್ಷ್ಮಿ, ಲೋಟದಿಂದ ಕಣ್ಣು ತೆಗೆಯದೆ.

"ಸೋಮವಾರ ನೀನು ಹುಡುಗನ್ನೇ ನೋಡಿರ್ಲಿಲ್ವಲ್ಲೇ."

"ಆಂಜಿನಪ್ಪ ಮಾವ ಹೇಳಿದ್ನಲ್ಲ. ಆ ಮನೇಲಿ ಮೂರು ತಲೆಮಾರಿಂದ ಯಾರೂ ಹಾಡೋದಿಲ್ಲ ಅಂತ."

ಅಡಿಗೆಮನೆಯಲ್ಲಿ ಅಕ್ಕಿ ಆರಿಸುತ್ತಿದ್ದ ವೆಂಕಟರತ್ನಮ್ಮ ಮೊರ ಕೆಳಗಿಟ್ಟು ನಗಲು ಶುರುಮಾಡಿದಳು. ಆದಿಲಕ್ಷ್ಮಿ ಉಜ್ಜಿದ ಲೋಟವನ್ನು ಬಿಸಿಲಿಗೆ ಹಿಡಿದು ನೋಡಿ, ಬೋರಲು ಹಾಕಿದಳು.